ಓದುಗರ ಪ್ರಶ್ನೆ: ಆಟೋಬಾನ್ ಸೇರುವ 13 ಸೆಕೆಂಡು

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಜರ್ಮನಿಯಿಂದ ಬಂದಿವೆ. ಕೆಲಸಕ್ಕೆ ಅಂತ ಬೆಂಗಳೂರು ಬಿಟ್ಟು ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆ ಬಂದವರು, ಊರಲ್ಲಿ ಕೂತು ಅವರ ಚಿಂತೆ ಮಾಡುವ ಅಪ್ಪಂದಿರು. ಬಾಡಿಗೆ ಮನೆ, ವೀಸಾ ಪ್ರಶ್ನೆಗಳು ಮುಂದಿನ ತಿಂಗಳಿಗಿರಲಿ. ಈ ಸಲ ಬರೀ ಗಾಡಿ ಓಡಿಸುವ ವಿಷಯ. ನಾನು ಡ್ರೈವಿಂಗ್ ಸ್ಕೂಲಿನವಳಲ್ಲ. ಇಲ್ಲಿನ ಲೈಸೆನ್ಸ್ ಕೈಗೆ ಬಂದ ಮೇಲೂ ಆಟೋಬಾನ್ (ಜರ್ಮನಿಯ ಹೆದ್ದಾರಿ) ಅಂದರೆ ಹೆದರುವ ನಮ್ಮವರ ಪಕ್ಕದ ಸೀಟಿನಲ್ಲಿ ಕೂತು, ಭಾನುವಾರ ಬೆಳಿಗ್ಗೆ ಒಂದು ಸುತ್ತು ಹಾಕಿಸುತ್ತೇನೆ, ಅಷ್ಟೇ. ಭಾನುವಾರ ಯಾಕೆ ಅಂದರೆ, ಅವತ್ತು ರಾತ್ರಿ ಹತ್ತರ ತನಕ ಏಳೂವರೆ ಟನ್‌ಗಿಂತ ದೊಡ್ಡ ಲಾರಿಗಳಿಗೆ ರಸ್ತೆ ಬಂದ್. ಹಾಲು, ಹಣ್ಣಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ.

ಪ್ರಶ್ನೆ: ಅಕ್ಕಾ, ನಾನು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವಳು. ಹೆಬ್ಬಾಳ, ಸಿಲ್ಕ್ ಬೋರ್ಡ್ ಯಾವುದಕ್ಕೂ ಹೆದರಿರಲಿಲ್ಲ. ಇಲ್ಲಿ ಎ81 ಆಟೋಬಾನ್ ಸೇರುವಾಗ ಮಾತ್ರ ಎದೆ ಢವಢವ. ಒಬ್ಬರೂ ಜಾಗ ಬಿಡುವುದಿಲ್ಲ. ಲೇನ್ ಮುಗಿಯುವಲ್ಲಿ ಬಂದು ನಿಂತೇ ಬಿಡುತ್ತೇನೆ, ಹಿಂದಿನವರು ಹಾರನ್ ಹೊಡೆಯುತ್ತಾರೆ. ನಮ್ಮೂರಿನ ಹಾಗೆ ಮೂತಿ ತೂರಿಸೋಕೂ ಧೈರ್ಯ ಬರಲ್ಲ. ಏನು ಮಾಡಲಿ? — ಎಸ್., ಲುಡ್ವಿಗ್ಸ್‌ಬುರ್ಗ್

ಉತ್ತರ: ಮೂತಿ ತೂರಿಸದೆ ಇದ್ದಿದ್ದು ಒಳ್ಳೆಯದೇ ಆಯಿತು ತಾಯಿ. ಹೆಬ್ಬಾಳದಲ್ಲಿ ಎಲ್ಲರೂ ಹದಿನೈದು ಇಪ್ಪತ್ತರಲ್ಲಿ ತೆವಳುತ್ತಿರುತ್ತಾರೆ. ನೀವು ಬಂಪರ್ ತೋರಿಸಿದರೆ ಪಕ್ಕದವನು ಬೈದುಕೊಂಡಾದರೂ ಬ್ರೇಕ್ ಒತ್ತುತ್ತಾನೆ. ಇಲ್ಲಿ ಪಕ್ಕದವನು 100ರಲ್ಲಿ ಬರುತ್ತಿದ್ದರೆ ಸೆಕೆಂಡಿಗೆ 28 ಮೀಟರ್ ದಾಟಿರುತ್ತಾನೆ. ಅವನಿಗೆ ಬೈಯೋಕೂ ಟೈಮ್ ಇರಲ್ಲ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಆಟೋಬಾನ್ ಮೇಲೆ ಆಗಲೇ ಹೋಗುತ್ತಿರುವವರಿಗೇ ಮೊದಲ ಹಕ್ಕು. ಜಾಗ ಬಿಡಲೇಬೇಕು ಅಂತ ಅವರಿಗೆ ಕಾನೂನು ಹೇಳಿಲ್ಲ. ಇಲ್ಲಿ ಗಾಡಿ ಓಡುವುದು ರಸ್ತೆಯ ಬಲಗಡೆ, ಹಾಗಾಗಿ ನೀವು ಸೇರುವುದು ಬಲದಿಂದ. ತುಂಬಾ ಜನ ಎಡಕ್ಕೆ ಸರಿದು ದಾರಿ ಮಾಡಿಕೊಡುತ್ತಾರೆ, ಅದು ಅವರ ಒಳ್ಳೆಯತನ. ಅದನ್ನು ನಂಬಿ ಆಟೋಬಾನ್‌ಗೆ ಸೇರಿಸುವ ಪಕ್ಕದ ರಸ್ತೆ, ಅಂದರೆ ರ್‍ಯಾಂಪ್ ಹತ್ತಬೇಡಿ. ನೀವು ಮಾಡುತ್ತಿರುವುದು ಅದೇ ಅನ್ನಿಸುತ್ತದೆ. ಕನ್ನಡಿಯಲ್ಲಿ ಕರುಣೆ ಹುಡುಕುತ್ತೀರಿ, ಕಾಣದಿದ್ದಾಗ ಬ್ರೇಕ್ ಒತ್ತುತ್ತೀರಿ.

ಈಗ ಲೆಕ್ಕಕ್ಕೆ ಬರೋಣ. ವೇಗ ಹೆಚ್ಚಿಸಿಕೊಳ್ಳಲು ಕೊಡುವ ಆ ಪಕ್ಕದ ಲೇನ್ ಸಾಮಾನ್ಯವಾಗಿ 250 ಮೀಟರ್ ಇರುತ್ತದೆ. ರ್‍ಯಾಂಪಿನ ತಿರುವು ಮುಗಿದಾಗ ನೀವು 50ರಲ್ಲಿ ಇದ್ದೀರಿ, ಲೇನ್ ಮುಗಿಯುವಷ್ಟರಲ್ಲಿ 90 ಮುಟ್ಟಬೇಕು ಅಂದುಕೊಳ್ಳಿ. ಸರಾಸರಿ 70. ಅಲ್ಲಿಗೆ ನಿಮ್ಮ ಕೈಯಲ್ಲಿರುವುದು ಸುಮಾರು 13 ಸೆಕೆಂಡು. ಕಮ್ಮಿ ಅಲ್ಲ. ಆದರೆ ಮೊದಲ ಐದು ಸೆಕೆಂಡನ್ನು ಅನುಮಾನದಲ್ಲೇ ಕಳೆದರೆ ಉಳಿದದ್ದು ಸಾಲದು.

ತಿರುವಿನಲ್ಲಿರುವಾಗಲೇ ಎಡಕ್ಕೆ ಕಣ್ಣು ಹಾಯಿಸಿ. ಬಲತುದಿಯ ಲೇನ್‌ನಲ್ಲಿ ಸಾಲಾಗಿ ಲಾರಿಗಳು ಕಾಣುತ್ತವೆ. ಲಾರಿ ಕಂಡರೆ ನಮ್ಮವರಿಗೆ ಕೈಕಾಲು ತಣ್ಣಗಾಗುತ್ತದೆ, ನನಗೆ ಕೇಳಿದರೆ ಲಾರಿಯೇ ಒಳ್ಳೆಯದು. ಅವಕ್ಕೆ ಮಿತಿ 80. ಅದರ ಮೇಲೆ ಸ್ವಲ್ಪ ಎಳೆದಾರು, ಅಷ್ಟೇ. ಅಂದರೆ ಎಷ್ಟು ವೇಗದಲ್ಲಿ ಬರುತ್ತಿವೆ ಅಂತ ನಿಮಗೆ ಮೊದಲೇ ಗೊತ್ತು. ಜೊತೆಗೆ ಲಾರಿ ಲಾರಿ ನಡುವೆ 50 ಮೀಟರ್ ಅಂತರ ಇರಬೇಕು ಅಂತ ನಿಯಮ ಇದೆ. ಎಲ್ಲರೂ ಪಾಲಿಸುತ್ತಾರೆ ಅಂತ ನಾನು ಹೇಳಲ್ಲ. ಆದರೂ ಒಂದು ಲಾರಿಯನ್ನು ಗುರುತು ಮಾಡಿಕೊಳ್ಳಿ, "ಆ ನೀಲಿ ಟಾರ್ಪಲ್ಲಿನದರ ಹಿಂದೆ ನಾನು" ಅಂತ. ಬಾಯಿಬಿಟ್ಟು ಹೇಳಿದರೂ ನಡೆಯುತ್ತೆ. ನಾನು ಪಕ್ಕದಲ್ಲಿ ಕೂತಾಗ ಎಲ್ಲರ ಕೈಲೂ ಹೇಳಿಸುತ್ತೇನೆ.

ತಿರುವು ನೇರವಾದ ತಕ್ಷಣ ಇಂಡಿಕೇಟರ್ ಹಾಕಿ, ಆಕ್ಸಿಲರೇಟರ್ ಒತ್ತಿ. ಚೆನ್ನಾಗಿ ಒತ್ತಿ. ಮೂರನೇ ಗೇರಿನಲ್ಲೇ ಇರಿ, ಎಂಜಿನ್ ಕೂಗಿಕೊಂಡರೆ ಕೂಗಿಕೊಳ್ಳಲಿ. ಐವತ್ತಕ್ಕೇ ನಾಲ್ಕು, ಐದನೇ ಗೇರಿಗೆ ಹಾಕಿ ಮೈಲೇಜ್ ಉಳಿಸುವ ಅಭ್ಯಾಸ ನಮಗೆಲ್ಲ ಇದೆ. ಈ 13 ಸೆಕೆಂಡು ಪೆಟ್ರೋಲ್ ಲೆಕ್ಕ ಬಿಡಿ. ಆಮೇಲೆ ಒಳಗಿನ ಕನ್ನಡಿ, ಎಡಗಡೆಯ ಕನ್ನಡಿ, ಕೊನೆಗೆ ಎಡ ಭುಜದ ಮೇಲಿಂದ ಒಂದು ನೋಟ. ಭುಜದ ಮೇಲಿಂದ ನೋಡುವಾಗ ಕತ್ತು ತಿರುಗಬೇಕು, ಸ್ಟೀರಿಂಗ್ ತಿರುಗಬಾರದು. ನೀಲಿ ಟಾರ್ಪಲ್ ನಿಮ್ಮನ್ನು ದಾಟಿತೋ, ಅದರ ಹಿಂದೆ ಸೇರಿಕೊಳ್ಳಿ. ಬಿಳಿ ಗೆರೆ ತುಂಡು ತುಂಡಾಗಿರುವಲ್ಲಿ ಮಾತ್ರ. ಶುರುವಿನ ಅಖಂಡ ಗೆರೆ ದಾಟುವ ಹಾಗಿಲ್ಲ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಜರ್ಮನಿಯಲ್ಲಿ ಬಲಗಡೆಯಿಂದ ಓವರ್‌ಟೇಕ್ ಮಾಡುವುದು ತಪ್ಪು. ಆದರೆ ಈ ಸೇರುವ ಲೇನ್‌ನಲ್ಲಿ ನೀವು ಪಕ್ಕದವರಿಗಿಂತ ಜೋರಾಗಿ ಹೋಗಬಹುದು, ಕಾನೂನೇ ಹಾಗೆ ಹೇಳುತ್ತದೆ. ಹಾಗಾಗಿ ಲಾರಿಯ ಮುಂದೆ ಖಾಲಿ ಇದ್ದರೆ ಅದನ್ನು ದಾಟಿಯೂ ಸೇರಬಹುದು.

ನಿಜಕ್ಕೂ ಸಂದಿ ಇಲ್ಲ ಅಂತಾದರೆ ಲೇನಿನ ಮೊದಲ ಅರ್ಧದಲ್ಲೇ ನಿಧಾನ ಮಾಡಿ. ಆಗ ಸಂದಿ ಸಿಕ್ಕಿದಾಗ ಮತ್ತೆ ವೇಗ ಹೆಚ್ಚಿಸಿಕೊಳ್ಳಲು ಮುಂದೆ ರಸ್ತೆ ಉಳಿದಿರುತ್ತದೆ. ನೀವು ಮಾಡುವುದು ಉಲ್ಟಾ. ಕೊನೆಯ ತನಕ ಅರೆಮನಸ್ಸಿನಲ್ಲಿ ಬಂದು ಅಲ್ಲಿ ನಿಲ್ಲುತ್ತೀರಿ. ಸೊನ್ನೆಯಿಂದ 90ಕ್ಕೆ ಏರಲು ಅಲ್ಲಿ ಜಾಗವೇ ಇಲ್ಲ. ಕೆಟ್ಟುಹೋದ ಗಾಡಿ ನಿಲ್ಲಿಸಲು ಮುಂದೆ ಅಂಚಿನಲ್ಲಿರುವ ತುರ್ತು ಪಟ್ಟಿ ನಿಮ್ಮ ಲೇನಿನ ಮುಂದುವರಿಕೆ ಅಲ್ಲ.

ಪ್ರಶ್ನೆ: ಮೇಡಂ, ಎಡತುದಿಯ ಲೇನ್‌ನಲ್ಲಿ 130ರಲ್ಲಿ ಹೋಗುತ್ತಿದ್ದೆ. ಹಿಂದಿನಿಂದ ಬಂದ ಕಾರಿನವನು ಡಿಪ್ ಹೊಡೆದ. ಇದು ಗೂಂಡಾಗಿರಿ ಅಲ್ವಾ? — ಆರ್., ಮ್ಯೂನಿಕ್

ಉತ್ತರ: ಒಂದೆರಡು ಸಲ ಹೊಡೆದಿದ್ದರೆ ಅಲ್ಲ. ಊರಿನ ಹೊರಗೆ "ಓವರ್‌ಟೇಕ್ ಮಾಡುತ್ತಿದ್ದೇನೆ" ಅಂತ ತಿಳಿಸಲು ಡಿಪ್ ಹೊಡೆಯಬಹುದು ಅಂತ ಇಲ್ಲಿನ ನಿಯಮದಲ್ಲೇ ಇದೆ. ನಿಮಗೆ ನನ್ನದೊಂದು ಪ್ರಶ್ನೆ. ಆಗ ನಿಮ್ಮ ಬಲಗಡೆ ಖಾಲಿ ಇತ್ತಾ? ಇದ್ದಿದ್ದರೆ ತಪ್ಪು ನಿಮ್ಮದೇ. ಇಲ್ಲಿ ಎಡ ಲೇನ್ ಇರುವುದು ದಾಟಲು. ದಾಟಿ ಆದ ಮೇಲೆ ಬಲಕ್ಕೆ ಬರಬೇಕು. ಮೂರು ಲೇನ್ ಇದ್ದು, ಬಲಗಡೆ ಆಗಾಗ ಒಂದೊಂದು ಲಾರಿ ಸಿಗುತ್ತಿದ್ದರೆ ನಡುವಿನ ಲೇನ್‌ನಲ್ಲೇ ಮುಂದುವರಿಯಬಹುದು. ಎಡತುದಿಯಲ್ಲಿ ಮನೆ ಮಾಡಿಕೊಳ್ಳುವ ಹಾಗಿಲ್ಲ. ನೈಸ್ ರಸ್ತೆಯಲ್ಲಿ ಎಡ ಬಲ ನೋಡದೆ ಒಂದೇ ಲೇನ್ ಹಿಡಿದು ಹೋಗುವ ಅಭ್ಯಾಸ ಇಲ್ಲಿ ನಡೆಯಲ್ಲ.

ಬಲಗಡೆ ಲಾರಿ ಸಾಲಿದ್ದರೆ ಕಥೆ ಬೇರೆ. ಆಗ ನಿಮ್ಮ ವೇಗದಲ್ಲೇ ದಾಟಿ ಮುಗಿಸಿ. ಅವಸರ ಬೇಡ. ಸಿಟ್ಟಿಗೆ ಬ್ರೇಕ್ ಲೈಟ್ ತೋರಿಸುವುದಂತೂ ಬೇಡವೇ ಬೇಡ. ಮದುವೆ ಮನೆಯಲ್ಲಿ ಊಟ ಮಾಡುವವರ ಕುರ್ಚಿ ಹಿಂದೆ ನಿಂತು ಕಾಯುವವರ ಹಾಗೆ ಕೆಲವರು ಬಂಪರ್‌ಗೆ ಅಂಟಿಕೊಂಡು, ಮತ್ತೆ ಮತ್ತೆ ಡಿಪ್ ಹೊಡೆಯುತ್ತಾರೆ. ಅದು ತಪ್ಪು. ಅತಿಯಾದರೆ ಬಲವಂತ ಮಾಡಿದ ಅಂತ ಕ್ರಿಮಿನಲ್ ಕೇಸೂ ಆಗಬಹುದು. ಅಂತರ ಎಷ್ಟಿರಬೇಕು ಅಂತ ಇಲ್ಲಿ ಕಲಿಸುವ ಲೆಕ್ಕ ಸುಲಭ. ಸ್ಪೀಡೋಮೀಟರ್‌ನಲ್ಲಿ ಕಾಣುವ ಅಂಕಿಯ ಅರ್ಧ, ಮೀಟರ್‌ನಲ್ಲಿ. 100ರಲ್ಲಿ ಹೋದರೆ 50 ಮೀಟರ್. ಆಟೋಬಾನ್ ಅಂಚಿನಲ್ಲಿ ನೆಟ್ಟ ಕಪ್ಪು ಬಿಳುಪಿನ ಗೂಟಗಳ ನಡುವಿನ ದೂರವೂ 50 ಮೀಟರೇ. ನೋಡಿಕೊಂಡರೆ ಸಾಕು.

ಒಂದು ಎಚ್ಚರಿಕೆ. ನಮ್ಮಲ್ಲಿ ಎದುರಿನವನು ಡಿಪ್ ಹೊಡೆದರೆ "ನಾನು ಬರ್ತಿದೀನಿ, ನೀನು ನಿಲ್ಲು" ಅಂತ. ಇಲ್ಲಿ ಊರೊಳಗಿನ ಕ್ರಾಸ್‌ನಲ್ಲಿ ಹೊಡೆದರೆ ಸಾಮಾನ್ಯವಾಗಿ "ನೀವು ಹೋಗಿ" ಅಂತ. ಎರಡನ್ನೂ ಪೂರ್ತಿ ನಂಬಬೇಡಿ. ಗಾಡಿ ನಿಂತಿದ್ದು ಕಣ್ಣಾರೆ ಕಂಡ ಮೇಲೆ ಹೊರಡಿ.

ಪ್ರಶ್ನೆ: ರಸ್ತೆ ಕಾಮಗಾರಿ ಇರುವಲ್ಲಿ ಎರಡು ಲೇನ್ ಒಂದಾಗುತ್ತವೆ. ನಾನು ಮರ್ಯಾದೆಯಾಗಿ ಬೋರ್ಡ್ ಕಂಡ ತಕ್ಷಣ ಸಾಲಿಗೆ ಸೇರುತ್ತೇನೆ. ಕೆಲವರು ಕೊನೆ ತನಕ ನುಗ್ಗಿ ಬಂದು ನಡುವೆ ತೂರುತ್ತಾರೆ. ಜರ್ಮನ್ನರಿಗೂ ಶಿಸ್ತಿಲ್ವಾ? — ಕೆ., ಬೋಬ್ಲಿಂಗೆನ್

ಉತ್ತರ: ಅವರು ಮಾಡುತ್ತಿರುವುದೇ ಸರಿ. ಲೇನ್ ಮುಗಿಯುವ ಜಾಗದ ತನಕ ಎರಡೂ ಲೇನ್ ಬಳಸಬೇಕು, ಅಲ್ಲಿ ಈ ಸಾಲಿನದೊಂದು ಆ ಸಾಲಿನದೊಂದು ಅಂತ ಸೇರಬೇಕು. ಅಲ್ಲಿ ಜಾಗ ಬಿಡುವುದು ಒಳ್ಳೆಯತನ ಅಲ್ಲ, ನಿಯಮ. ಮೇಲೆ ಎಸ್. ಅವರಿಗೆ ಹೇಳಿದ ರ್‍ಯಾಂಪಿನ ವಿಷಯಕ್ಕೂ ಇದಕ್ಕೂ ಗಂಟು ಹಾಕಬೇಡಿ. ಅಲ್ಲಿ ಈ ಒಂದು ಬಿಟ್ಟು ಒಂದು ಲೆಕ್ಕ ಇಲ್ಲ.

ಕಾಮಗಾರಿ ಜಾಗದಲ್ಲಿ ಎಡ ಲೇನ್ ಕಿರಿದು ಮಾಡಿ, "2 ಮೀಟರ್" ಅಥವಾ "2.1 ಮೀಟರ್" ಅಂತ ಬೋರ್ಡ್ ಹಾಕಿರುತ್ತಾರೆ. ಅದು ಪಕ್ಕದ ಕನ್ನಡಿಗಳನ್ನೂ ಸೇರಿಸಿದ ಅಗಲ. ಗಾಡಿಯ ಕಾಗದದಲ್ಲಿ ಬರೆದಿರುವುದು ಕನ್ನಡಿ ಬಿಟ್ಟು. ಗಾಲ್ಫ್‌ನಂಥ ಮಧ್ಯಮ ಕಾರೂ ಕನ್ನಡಿ ಸೇರಿದರೆ ಎರಡು ಮೀಟರ್ ದಾಟುತ್ತದೆ. ಒಮ್ಮೆ ಟೇಪ್ ಹಿಡಿದು ಅಳೆದುಬಿಡಿ.

ಪ್ರಶ್ನೆ: ಅಕ್ಕಾ, ಟ್ರಾಫಿಕ್ ಜಾಮ್‌ನಲ್ಲಿ ಇದ್ದಕ್ಕಿದ್ದ ಹಾಗೆ ಎಲ್ಲರೂ ಎರಡು ಕಡೆಗೆ ಸರಿದರು. ನಡುವೆ ಖಾಲಿ ರಸ್ತೆ. ನಮ್ಮ ಯಜಮಾನರು "ಜಾಗ ಇದೆ, ನುಗ್ಗು" ಅಂದರು. ನಾನು ನುಗ್ಗಲಿಲ್ಲ. ಯಾರು ಸರಿ? — ಪಿ., ಲಿಯೋನ್‌ಬೆರ್ಗ್

ಉತ್ತರ: ನೀವು ಸರಿ. ಯಜಮಾನರಿಗೆ ಈ ಪುಟ ತೋರಿಸಿ.

ಅದು ಆಂಬುಲೆನ್ಸ್, ಫೈರ್ ಎಂಜಿನ್‌ಗಳಿಗೆ ಬಿಡುವ ದಾರಿ. ರೆಟ್ಟುಂಗ್ಸ್‌ಗಾಸೆ ಅನ್ನುತ್ತಾರೆ. ಸೈರನ್ ಕೇಳಿದ ಮೇಲೆ ಮಾಡುವುದಲ್ಲ. ಗಾಡಿಗಳು ನಡೆಯುವ ವೇಗಕ್ಕೆ ಇಳಿದ ತಕ್ಷಣ ಮಾಡಬೇಕು. ಎಡತುದಿಯ ಲೇನಿನವರು ಎಡಕ್ಕೆ, ಉಳಿದ ಎಲ್ಲ ಲೇನಿನವರು ಬಲಕ್ಕೆ. ನಿಂತ ಮೇಲೆ ಸರಿಯೋಣ ಅಂದರೆ ಆಗಲ್ಲ. ಮುಂದಿನ ಬಂಪರ್‌ಗೆ ಅಂಟಿ ನಿಂತಿದ್ದರೆ ಚಕ್ರ ತಿರುಗಿಸಲು ಜಾಗ ಎಲ್ಲಿರುತ್ತೆ?

ನಿಮ್ಮ ಊರಿನ ಹತ್ತಿರದ ಎಂಗೆಲ್‌ಬೆರ್ಗ್ ಸುರಂಗದ ಮುಂದೆ ನಾನು ಇದನ್ನು ನೋಡಿದ್ದೇನೆ. ಎಡಗಡೆಯ ಕಾರುಗಳು ಕಂಬಿಬೇಲಿಗೆ ಕನ್ನಡಿ ತಾಗುವಷ್ಟು ಸರಿದಿದ್ದವು. ಬಲಗಡೆ ಒಂದು ಉದ್ದದ ಲಾರಿ ಇಂಚಿಂಚೇ ವಾರೆಯಾಗಿ ತುರ್ತು ಪಟ್ಟಿಯ ಕಡೆ ಹೋಯಿತು. ಯಾರೂ ಕೆಳಗಿಳಿದು ಕೈ ಬೀಸಲಿಲ್ಲ. ಮೊದಲು ಪೊಲೀಸ್ ಕಾರು, ಆಮೇಲೆ ಫೈರ್ ಎಂಜಿನ್, ಎಷ್ಟೋ ಹೊತ್ತಿನ ಮೇಲೆ ಟೋಯಿಂಗ್ ಗಾಡಿ. ನಮ್ಮವರು ಎಡವುವುದು ಇಲ್ಲೇ. ಮೊದಲನೆಯದು ಹೋದ ಕೂಡಲೇ ಮುಗಿಯಿತು ಅಂತ ನಡುವೆ ಬಂದುಬಿಡುತ್ತಾರೆ. ಆಂಬುಲೆನ್ಸ್ ಬೆನ್ನಿಗೇ ಹೋಗಿ ಸಿಗ್ನಲ್ ದಾಟುವ ಬೆಂಗಳೂರಿನ ಜಾಣತನ ಇಲ್ಲಿ ತುಂಬಾ ದುಬಾರಿ. ದಾರಿ ಬಿಡದಿದ್ದರೇ 200 ಯೂರೋ ದಂಡ, ಲೈಸೆನ್ಸ್ ಮೇಲೆ ತಪ್ಪಿನ ಲೆಕ್ಕಕ್ಕೆ 2 ಪಾಯಿಂಟ್, ಒಂದು ತಿಂಗಳು ಗಾಡಿ ಮುಟ್ಟುವ ಹಾಗಿಲ್ಲ. ಆ ದಾರಿಯಲ್ಲಿ ನುಗ್ಗಿದರೆ ಇನ್ನೂ ಜಾಸ್ತಿ. ಬೈಕಿನವರಿಗೂ ವಿನಾಯಿತಿ ಇಲ್ಲ.

ಪ್ರಶ್ನೆ: ಬಂದು ಐದು ತಿಂಗಳಾಯಿತು. ಇಂಡಿಯಾದ ಲೈಸೆನ್ಸ್ 2035ರ ತನಕ ಇದೆ. ಇನ್ನೂ ಓಡಿಸಬಹುದಲ್ವಾ? — ಎಂ., ಫ್ರಾಂಕ್‌ಫರ್ಟ್

ಉತ್ತರ: ಇನ್ನೊಂದು ತಿಂಗಳು ಮಾತ್ರ. ಇಲ್ಲಿ ವಾಸಕ್ಕೆ ಬಂದ ದಿನದಿಂದ ಆರು ತಿಂಗಳು ಅಷ್ಟೇ ಅದು ನಡೆಯುವುದು. ಆಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ, ಇಲ್ಲಿ ಅದು ಅಪರಾಧ. ಭಾರತದ ಲೈಸೆನ್ಸ್ ಇದ್ದವರು ಥಿಯರಿ ಮತ್ತು ರಸ್ತೆ ಪರೀಕ್ಷೆ ಎರಡನ್ನೂ ಪಾಸು ಮಾಡಬೇಕು. ಇಷ್ಟೇ ಕ್ಲಾಸ್ ಆಗಲೇಬೇಕು ಅಂತ ನಿಮಗೆ ಕಡ್ಡಾಯ ಇಲ್ಲ. ಥಿಯರಿಯನ್ನು ಇಂಗ್ಲಿಷ್‌ನಲ್ಲಿ ಬರೆಯಬಹುದು. ಇವತ್ತೇ ಅರ್ಜಿ ಹಾಕಿ, ಕಚೇರಿಗಳಲ್ಲಿ ಕಾಗದ ನಿಧಾನವಾಗಿ ಸರಿಯುತ್ತದೆ.

ಪ್ರಶ್ನೆ: ಮಗ ಉಲ್ಮ್‌ನಲ್ಲಿದ್ದಾನೆ. "ಇಲ್ಲಿ ಲಿಮಿಟ್ಟೇ ಇಲ್ಲ ಅಪ್ಪ, 180ರಲ್ಲಿ ಹೋದೆ" ಅಂತಾನೆ. ನಮ್ಮ ಮೈಸೂರು ಹೈವೇಯಲ್ಲೇ 100 ದಾಟಿದರೆ ದಂಡ ಹಾಕುತ್ತಾರೆ. ಅವನು ಹೇಳುವುದು ನಿಜವಾ ತಾಯಿ? — ಒಬ್ಬ ತಂದೆ, ಮಂಡ್ಯ

ಉತ್ತರ: ಅರ್ಧ ನಿಜ ಸರ್. ಬೋರ್ಡ್ ಇಲ್ಲದ ಕಡೆ ಮಿತಿ ಇಲ್ಲ. ಆದರೆ ಊರುಗಳ ಹತ್ತಿರ, ಇಳಿಜಾರಿನಲ್ಲಿ, ಕಾಮಗಾರಿ ಇರುವಲ್ಲಿ ಮಿತಿ ಇದ್ದೇ ಇರುತ್ತದೆ. ಮಿತಿ ಇಲ್ಲದ ಕಡೆಯೂ 130 ದಾಟಬೇಡಿ ಅನ್ನುವ ಸಲಹೆ 1970ರ ದಶಕದಿಂದ ಇದೆ. ದಾಟಿದರೆ ದಂಡ ಇಲ್ಲ. ಆದರೆ ಅಪಘಾತ ಆದರೆ, ತಪ್ಪು ಎದುರಿನವನದೇ ಆದರೂ, ನಷ್ಟದ ಒಂದು ಪಾಲು ನಿಮ್ಮ ಮಗನ ತಲೆಗೆ ಬರಬಹುದು. 130ರಲ್ಲಿ ಹೋಗಿದ್ದರೂ ಹೀಗೇ ಆಗುತ್ತಿತ್ತು ಅಂತ ಅವನು ತೋರಿಸಿಕೊಡಬೇಕಾಗುತ್ತದೆ.

180ರಲ್ಲಿ ಒಂದು ಸೆಕೆಂಡಿಗೆ 50 ಮೀಟರ್. ಕಾಲು ಬ್ರೇಕ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತದೆ. 130ಕ್ಕೆ ಹೋಲಿಸಿದರೆ ಗುದ್ದಿನ ಶಕ್ತಿ ಸುಮಾರು ಎರಡು ಪಟ್ಟು. ನಿಮ್ಮ ಹೈವೇಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ರಸ್ತೆಗೆ ಬಿಡುತ್ತಿಲ್ಲ ಅಲ್ವಾ, ಕಾರಣ ಇದೇ. ಒಂದೇ ರಸ್ತೆಯಲ್ಲಿ ನಿಧಾನದವರೂ ಜೋರಿನವರೂ ಬೆರೆತರೆ ಅಪಾಯ. ಉಲ್ಮ್ ಹತ್ತಿರ ಯಾರೋ ಲಾರಿ ದಾಟಲು 90ರಲ್ಲಿ ಎಡಕ್ಕೆ ಬಂದಾಗ ನಿಮ್ಮ ಮಗ 180ರಲ್ಲಿ ಬರುತ್ತಿದ್ದರೆ ಕಥೆ ಅದೇ.

ಬುದ್ಧಿ ಹೇಳಿದರೆ ಫೋನ್ ಇಡುತ್ತಾನೆ. ಅದರ ಬದಲು "ಚಳಿಗಾಲದ ಟೈರ್ ಮೇಲೆ ಯಾವ ಅಕ್ಷರ ಇದೆ?" ಅಂತ ಕೇಳಿ. ಕ್ಯೂ ಇದ್ದರೆ ಆ ಟೈರು 160ರ ತನಕ ಮಾತ್ರ, ಟಿ ಇದ್ದರೆ 190. ಗೊತ್ತಿಲ್ಲ ಅಂದರೆ ಕೆಳಗಿಳಿದು ನೋಡಿ ಬರಲಿ.

ಪ್ರಶ್ನೆ: ಇಂಡಿಕೇಟರ್ ಹಾಕಲು ಹೋದರೆ ವೈಪರ್ ಓಡುತ್ತದೆ. ನಗಬೇಡಿ. — ಜಿ., ಕಾರ್ಲ್ಸ್‌ರೂಹೆ

ಉತ್ತರ: ನಗಲ್ಲ. ಊರಿನಲ್ಲಿ ನಿಮ್ಮದು ಮಾರುತಿ ಅಥವಾ ಹುಂಡೈ ಇದ್ದಿರಬೇಕು. ಅವುಗಳಲ್ಲಿ ಇಂಡಿಕೇಟರ್ ಸ್ಟೀರಿಂಗಿನ ಬಲಕ್ಕೆ, ಇಲ್ಲಿ ಎಡಕ್ಕೆ. ಸ್ವಲ್ಪ ದಿನದಲ್ಲಿ ಕೈಗೆ ರೂಢಿ ಆಗುತ್ತದೆ. ವೈಪರ್ ಓಡಿದರೆ ಯಾರಿಗೂ ನಷ್ಟ ಇಲ್ಲ. ಇನ್ನೊಂದನ್ನು ಗಮನಿಸಿ. ಬಲಗಡೆ ಕೂತು ಅಭ್ಯಾಸ ಆದವರು ಎಡ ಸೀಟಿಗೆ ಬಂದಾಗ ಗೊತ್ತಿಲ್ಲದೆ ಕಾರನ್ನು ಬಲಕ್ಕೆ ಎಳೆಯುತ್ತಾರೆ. ಬಲಗಡೆಯ ಕನ್ನಡಿಯಲ್ಲಿ ಬಿಳಿ ಗೆರೆ ಎಷ್ಟು ದೂರ ಇದೆ ಅಂತ ಆಗಾಗ ನೋಡಿಕೊಳ್ಳಿ. ಊರೊಳಗೆ ಆ ಗೆರೆಯ ಆಚೆಗೆ ಸೈಕಲ್‌ನವರು ಇರುತ್ತಾರೆ.