ಕಡಲ ಹುಳುವಿನ ಗುರುತು ಅದರ ಗಂಟಲಲ್ಲಿದೆ

ಪ್ರಶ್ನೆ: ಅಘನಾಶಿನಿ ಅಳಿವೆಯಲ್ಲಿ ಬಳಚು ಬಗೆಯುವ ಜಾಗದ ಪಕ್ಕ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಕೆಸರಿನಲ್ಲಿ ಬೆರಳುದ್ದದ ಕೆಂಪು–ಹಸಿರು ಹುಳುಗಳು ಸಿಕ್ಕವು. ಎಂ.ಎಸ್ಸಿ. ಪ್ರಬಂಧಕ್ಕೆಂದು ಸಂಗ್ರಹಿಸಿ, ಚಿತ್ರಗಳೊಂದಿಗೆ ಹೋಲಿಸಿ ‘ಪೆರಿನೆರೀಸ್ ಕಲ್ಟ್ರಿಫೆರಾ’ ಎಂದು ಬರೆದೆ. ಮಾರ್ಗದರ್ಶಕರು ಒಪ್ಪುತ್ತಿಲ್ಲ. ನೇರವಾಗಿ ಸ್ಪಿರಿಟ್ಟಿಗೆ ಹಾಕಿದ್ದರಿಂದ ಅರ್ಧದಷ್ಟು ಹುಳುಗಳು ತುಂಡಾಗಿವೆ. ಮುಂದೇನು ಮಾಡಲಿ?
— ಓದುಗರು, ಕುಮಟಾ

ಉತ್ತರ: ನಿಮ್ಮ ಮಾರ್ಗದರ್ಶಕರು ಹೇಳುತ್ತಿರುವುದು ಸರಿ. ಆ ಹೆಸರನ್ನು ಪ್ರಾಣಿವಿಜ್ಞಾನಿ ಗ್ರೂಬೆ 1840ರಲ್ಲಿ ಇಟ್ಟದ್ದು ಇಟಲಿಯ ನೇಪಲ್ಸ್ ಕಡಲಿನ ಹುಳುವಿಗೆ. ಆಮೇಲೆ ಜಗತ್ತಿನ ಎಷ್ಟೋ ತೀರಗಳಲ್ಲಿ ಸಿಕ್ಕ, ನೋಡಲು ಅದರಂತೆಯೇ ಇರುವ ಹುಳುಗಳಿಗೆಲ್ಲ ಅದೇ ಹೆಸರು ಅಂಟಿಕೊಂಡಿತು. ಭಾರತದ ಪಾಲಿಕೀಟ್‌ಗಳ (ಮೈತುಂಬ ಬಿರುಗೂದಲಿರುವ ಇಂಥ ಖಂಡಹುಳುಗಳ) ಬಗ್ಗೆ ಫೊವೆಲ್ 1953ರಲ್ಲಿ ಹೊರತಂದ ಸಂಪುಟ ಕುಲದವರೆಗೆ ಮುಟ್ಟಲು ಇಂದಿಗೂ ಒಳ್ಳೆಯ ಆಸರೆ. ಆದರೆ ಅದರಲ್ಲಿ ಯುರೋಪಿನ ಪ್ರಭೇದದ ಹೆಸರು ಕಂಡರೆ ಅಲ್ಲಿಗೆ ನಿಲ್ಲಬೇಡಿ, ಮೂಲ ವಿವರಣೆಯನ್ನೂ ಈಚಿನ ಮರುವಿವರಣೆಗಳನ್ನೂ ತರಿಸಿ ಓದಿ.

ಪೆರಿನೆರೀಸ್ ಸೇರಿರುವ ನೆರೀಡಿಡೇ ಕುಟುಂಬದಲ್ಲಿ ಬಣ್ಣ, ಉದ್ದ ನಂಬುವಂಥವಲ್ಲ. ಸ್ಪಿರಿಟ್ಟಿನಲ್ಲಿ ಬಣ್ಣ ಹೋಗುತ್ತದೆ, ಉದ್ದ ಕುಗ್ಗುತ್ತದೆ. ನೋಡಬೇಕಾದದ್ದು ಹೊರಚಾಚುವ ಗಂಟಲು. ಅದರ ತುದಿಯಲ್ಲಿ ಒಂದು ಜೊತೆ ದವಡೆ, ಗಂಟಲಿನ ಮೈಮೇಲೆ ಪ್ಯಾರಾಗ್ನಾಥ್ ಎಂಬ ಸಣ್ಣ ಗಟ್ಟಿ ಹಲ್ಲುಗಳಿರುತ್ತವೆ. ಹಲ್ಲುಗಳ ಜಾಗವನ್ನು ಕಿನ್‌ಬರ್ಗ್ ಪದ್ಧತಿಯಂತೆ 1ರಿಂದ 8 ಪ್ರದೇಶಗಳಾಗಿ ಗುರುತಿಸುತ್ತಾರೆ: 1ರಿಂದ 4 ದವಡೆ ಕಡೆಯ ಉಂಗುರದಲ್ಲಿ, 5ರಿಂದ 8 ಬಾಯಿ ಕಡೆಯ ಉಂಗುರದಲ್ಲಿ. ಪ್ರದೇಶ 6ರಲ್ಲಿ ಅಡ್ಡಪಟ್ಟಿಯಂಥ ಹಲ್ಲಿದ್ದರೆ ಪೆರಿನೆರೀಸ್ ಕುಲದ ಕಡೆಗೆ ಯೋಚಿಸಬಹುದು. ಕಲ್ಟ್ರಿಫೆರಾ ಗುಂಪಿನಲ್ಲಿ ಎಡಕ್ಕೊಂದು, ಬಲಕ್ಕೊಂದು ಪಟ್ಟಿ. ನುಂಟಿಯಾ ಗುಂಪಿನಲ್ಲಿ ಪಟ್ಟಿಗಳ ಸಾಲೇ ಇರುತ್ತದೆ. ಹಲ್ಲುಗಳೇ ಇಲ್ಲದೆ, ಹಿಂಭಾಗದ ಪಾರ್ಶ್ವಪಾದಗಳ (ಪ್ರತಿ ಖಂಡದ ಎರಡು ಬದಿಯ ಪಾದಗಳ) ಬೆನ್ನ ಕಡೆಯ ಎಳೆಗಳು ಎಲೆಯಂತೆ ಅಗಲವಾಗಿದ್ದರೆ ಅದು ನಮಾಲಿಕಾಸ್ಟಿಸ್ ಕುಲದ್ದಾಗಿರಬಹುದು. ಕಾಂಡ್ಲಾ ಕೆಸರಿನಲ್ಲಿ ಅದನ್ನು ಮರೆಯುವ ಹಾಗಿಲ್ಲ. ನಮಾಲಿಕಾಸ್ಟಿಸ್ ಇಂಡಿಕಾವನ್ನು ಸದರ್ನ್ 1921ರಲ್ಲಿ ಒಡಿಶಾದ ಚಿಲಿಕಾ ಸರೋವರದಿಂದಲೇ ವಿವರಿಸಿದ್ದು. ನೇಪಲ್ಸ್‌ಗೆ ಹೋಗುವ ಮೊದಲು ನಮ್ಮ ನೀರಿನಿಂದ ಹೆಸರು ಪಡೆದವನ್ನು ನೋಡಿ.

ತುಂಡಾದ ಹುಳುಗಳನ್ನು ಎಸೆಯಬೇಡಿ. ತಲೆಯ ಭಾಗ ಉಳಿದಿದ್ದರೆ ಬಾಯಿಂದ ಹಿಂದಕ್ಕೆ, ಹೊಟ್ಟೆಯ ಕಡೆ ಮಧ್ಯರೇಖೆಯಿಂದ ತುಸು ಬದಿಗೆ ಸೂಕ್ಷ್ಮ ಕತ್ತರಿಯಿಂದ ಸೀಳಿ, ಪಿನ್ನು ಚುಚ್ಚಿ ಬಿಡಿಸಿ. ಹಲವರು ಎಡವುವುದು ಇಲ್ಲೇ: ಗಂಟಲು ಒಳಗಿದ್ದಾಗ ದವಡೆ ಆಳದಲ್ಲಿರುತ್ತದೆ, ಬಾಯಿ ಕಡೆಯ ಉಂಗುರ ಮುಂದಿರುತ್ತದೆ. ಹೊರಚಾಚಿದ ಗಂಟಲಿನ ಚಿತ್ರವನ್ನು ಹಾಗೆಯೇ ಹೊಂದಿಸಿದರೆ 1ರಿಂದ 4ನ್ನು 5ರಿಂದ 8 ಎಂದು ಎಣಿಸಿಬಿಡುತ್ತೀರಿ.

ಮತ್ತೆ ಸಂಗ್ರಹಿಸುವಾಗ ಮೊದಲು ಹುಳುವಿಗೆ ಮಂಪರು ಬರಿಸಿ. 1 ಲೀಟರ್ ಸಿಹಿನೀರಿಗೆ 73 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಹರಳು ಕರಗಿಸಿ, ಅಷ್ಟೇ ಪ್ರಮಾಣದ ಅಳಿವೆಯ ನೀರು ಬೆರೆಸಿ, ಮುಟ್ಟಿದರೂ ಅಲುಗದವರೆಗೆ ಅದರಲ್ಲಿಡಿ. ಆಗ ತಲೆಯ ಹಿಂದೆ ಚಿಮಟದಿಂದ ಮೆಲ್ಲನೆ ಒತ್ತಿದರೆ ಗಂಟಲು ಹೊರಬರುತ್ತದೆ. ಗಡಿಬಿಡಿಯಲ್ಲಿ ಜೋರಾಗಿ ಒತ್ತಿದರೆ ಮೈ ಹರಿಯುತ್ತದೆ. ಡಿಎನ್‌ಎ ಪರೀಕ್ಷೆ ಮಾಡಿಸುವುದಿದ್ದರೆ ಬಾಲದ ಕೆಲವು ಖಂಡಗಳನ್ನು ಈಗಲೇ ಕತ್ತರಿಸಿ 96% ಎಥನಾಲ್‌ಗೆ ಹಾಕಿ, ಏಕೆಂದರೆ ಫಾರ್ಮಾಲಿನ್ ತಾಗಿದ ಮೇಲೆ ಡಿಎನ್‌ಎ ಕೆಡುತ್ತದೆ. ಉಳಿದ ಹುಳುವನ್ನು 1 ಪಾಲು ಅಂಗಡಿಯ ಫಾರ್ಮಾಲಿನ್, 9 ಪಾಲು ಸಮುದ್ರದ ನೀರು ಸೇರಿಸಿದ ದ್ರಾವಣದಲ್ಲಿ 1–2 ದಿನ ನೇರವಾಗಿ ಚಾಚಿಡಿ. ಆಮ್ಲೀಯವಾಗದಂತೆ ಸ್ವಲ್ಪ ಬೊರಾಕ್ಸ್ ಬೆರೆಸಿ. ಕೈಗವಸು ಇರಲಿ, ಕಿಟಕಿ ತೆರೆದಿರಲಿ. ಬಳಿಕ ಸಿಹಿನೀರಲ್ಲಿ ತೊಳೆದು 70% ಎಥನಾಲ್‌ಗೆ ವರ್ಗಾಯಿಸಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಎಥನಾಲ್‌ನಲ್ಲಿ ಕರಗಿಹೋಗುತ್ತದೆ. ಜಾಗವೂ ದಿನಾಂಕವೂ ಕಳೆದುಹೋದ ಹುಳು ವರ್ಗೀಕರಣಕ್ಕೆ ಬಹುಪಾಲು ನಿರುಪಯೋಗಿ.

ಗಂಟಲಿನ ನಂತರ ಬಿರುಗೂದಲು. ಮುಂಭಾಗ, ನಡುಭಾಗ, ಹಿಂಭಾಗದಿಂದ ಒಂದೊಂದು ಪಾರ್ಶ್ವಪಾದ ಕತ್ತರಿಸಿ, ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಎಷ್ಟನೆಯ ಖಂಡದ್ದೆಂದು ಬರೆದಿಡಿ. ಹಿಂಭಾಗದ ಪಾದದ ಮೇಲಿನ ಹಾಲೆಯಲ್ಲಿ ತುದಿ ಕುಡುಗೋಲಿನಂತೆ ಬಾಗಿದ ಕೂದಲಿದ್ದರೆ ನೆರೀಸ್ ಕುಲವನ್ನು ಪರಿಶೀಲಿಸಬೇಕು. ಪೆರಿನೆರೀಸ್‌ನಲ್ಲಿ ಆ ಜಾಗದಲ್ಲಿ ನೀಳ ಮುಳ್ಳಿನಂಥವಷ್ಟೇ ಇರುತ್ತವೆ.

ಪ್ರಶ್ನೆ: ಯಾವ ಹೆಸರಿಗೂ ಹೊಂದದ ಹುಳು ಸಿಕ್ಕಿದೆ. ಹೊಸ ಪ್ರಭೇದವೆಂದು ಪ್ರಕಟಿಸಲು ಒಂದೇ ಹುಳು ಸಾಕೇ?
— ಓದುಗರು, ಮಂಗಳೂರು

ಉತ್ತರ: ಪ್ರಾಣಿಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮ ಒಂದಕ್ಕೂ ಅವಕಾಶ ಕೊಡುತ್ತದೆ. ಆದರೂ ನಾವು ಬೇಡವೆನ್ನುತ್ತೇವೆ. ಹಲ್ಲುಗಳ ಸಂಖ್ಯೆ ಹುಳುವಿನಿಂದ ಹುಳುವಿಗೆ, ಮರಿಯಿಂದ ದೊಡ್ಡದಕ್ಕೆ ಬದಲಾಗುತ್ತದೆ. ಹತ್ತು ಹದಿನೈದನ್ನಾದರೂ ನೋಡಿ, ‘ಪ್ರದೇಶ 3ರಲ್ಲಿ ಇಷ್ಟರಿಂದ ಇಷ್ಟು’ ಎಂದು ಮಿತಿ ಕೊಡಿ. ಸಂತಾನೋತ್ಪತ್ತಿಯ ಕಾಲಕ್ಕೆ ಈಜಲು ಹೊರಡುವ ಹುಳುಗಳ ಕಣ್ಣು ಹಿಗ್ಗುತ್ತವೆ, ಪಾದಗಳು ಅಗಲವಾಗುತ್ತವೆ, ಕೂದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗುತ್ತವೆ. ಅಂಥದೊಂದನ್ನೇ ಹಿಡಿದು ಹೊಸ ಪ್ರಭೇದವೆನ್ನುವ ತಪ್ಪು ಹಿಂದೆ ಆಗಿದೆ.

1999ರ ನಂತರದ ಹೆಸರಿಗೆ ಮಾದರಿ ಹುಳುವನ್ನು ಸ್ಪಷ್ಟವಾಗಿ ಗೊತ್ತುಮಾಡುವುದು ಕಡ್ಡಾಯ. ಹೆಸರಿಗೆ ಆಧಾರವಾಗುವ ಹೋಲೋಟೈಪ್ ಒಂದು, ಜೊತೆಗೆ ಆರಿಸಿದ ಉಳಿದವು ಪ್ಯಾರಾಟೈಪ್. ಅವು ಮನೆಯ ಕಪಾಟಿನಲ್ಲಲ್ಲ, ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆಯಂಥ ಸಾರ್ವಜನಿಕ ಸಂಗ್ರಹದಲ್ಲಿರಲಿ. ನೋಂದಣಿ ಸಂಖ್ಯೆ ಲೇಖನದಲ್ಲಿ ಬರಲಿ. ಬರೀ ಆನ್‌ಲೈನ್ ಪತ್ರಿಕೆಯಲ್ಲಿ ಪ್ರಕಟಿಸುವುದಾದರೆ ಪ್ರಾಣಿಗಳ ಹೆಸರಿನ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು, ಅದಿಲ್ಲದಿದ್ದರೆ ಹೆಸರು ಊರ್ಜಿತವಾಗದು. ವಿವರಣೆಯಲ್ಲಿ ಒಟ್ಟು ಖಂಡಗಳ ಸಂಖ್ಯೆ, 10ನೇ ಖಂಡದ ಅಗಲ (ಪಾದ ಸೇರಿಸಿಯೋ ಬಿಟ್ಟೋ ಎಂಬುದನ್ನೂ ಹೇಳಿ), ಎಲ್ಲ ಎಂಟು ಪ್ರದೇಶಗಳ ಹಲ್ಲು, ಮೂರು ಜಾಗದ ಪಾದಗಳ ಚಿತ್ರ, ಅಳತೆಗೆರೆ ಇರಲೇಬೇಕು. ಹತ್ತಿರದ ಪ್ರಭೇದಗಳಿಂದ ಇದು ಯಾವುದರಲ್ಲಿ ಬೇರೆ ಎಂಬ ಪರಿಚ್ಛೇದಕ್ಕೆ ಹೆಚ್ಚು ದಿನ ಕೊಡಿ. ಪರಿಶೀಲಕರು ಮೊದಲು ಓದುವುದು ಅದನ್ನೇ.

ಪ್ರಶ್ನೆ: ಕಡಲತೀರದ ಕಲ್ಲಿನಡಿ ಬಿಳಿ ಕೂದಲಿನ ಹುಳು ಮುಟ್ಟಿ ಬೆರಳು ಉರಿಯುತ್ತಿದೆ. ಏನು ಮಾಡಬೇಕು?
— ಓದುಗರು, ಕಾರವಾರ

ಉತ್ತರ: ಅದು ಬಹುಶಃ ಬೆಂಕಿಹುಳು, ಆಂಫಿನೋಮಿಡೇ ಕುಟುಂಬದ್ದು. ಅದರ ಸುಣ್ಣದ ಕೂದಲು ಚರ್ಮದೊಳಗೆ ಮುರಿದು ಉಳಿಯುತ್ತದೆ. ಉಜ್ಜಬೇಡಿ, ಇನ್ನಷ್ಟು ಒಳಗೆ ಹೋಗುತ್ತದೆ. ಅಂಟುಪಟ್ಟಿ ಒತ್ತಿ ಎಳೆಯಿರಿ, ಉಳಿದದ್ದನ್ನು ಚಿಮಟದಿಂದ ಕೀಳಿ. ಬಾವು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಗುರುತಿಸಲು ಹಿಡಿಯುವುದಿದ್ದರೆ ಚಿಮಟವನ್ನೇ ಬಳಸಿ.