ಆಸ್ಕರ್ ಜೊತೆ ಯಾರನ್ನು ಬಿಡಬಹುದು?

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಮೂರು ಅಡಿ ಟ್ಯಾಂಕಿದೆ. ಅದರಲ್ಲಿ ಒಂದೇ ಒಂದು ಟೈಗರ್ ಆಸ್ಕರ್ ಮೀನು, ಸುಮಾರು 7 ಇಂಚು. ಮೊನ್ನೆ ಒಂದಷ್ಟು ಪುಟ್ಟ ಗಪ್ಪಿ ಮೀನು ತಂದು ಬಿಟ್ಟೆ. ಬೆಳಗಾಗುವಷ್ಟರಲ್ಲಿ ಒಂದೂ ಇರಲಿಲ್ಲ. ‘ಪಾಪ, ಒಂಟಿಯಾಗಿದೆ’ ಅಂತ ಮಗಳು ದಿನಾ ಹೇಳುತ್ತಾಳೆ. ಅಂಗಡಿಯವರು ಶಾರ್ಕ್ ಮರಿ, ಸಕ್ಕರ್ ಹಾಕಿ ಅನ್ನುತ್ತಾರೆ. ಹಾಕಬಹುದಾ?
– ಓದುಗರು, ಹಾಸನ

ಉತ್ತರ: ಗಪ್ಪಿ ತಿಂದಿತು ಅಂತ ಆಸ್ಕರ್ ಮೇಲೆ ಸಿಟ್ಟಾಗಬೇಡಿ. ಅದು ಜಗಳ ಅಲ್ಲ, ಊಟ. ಆಸ್ಕರ್ ತಿನ್ನುವುದನ್ನು ಒಮ್ಮೆ ಹತ್ತಿರ ಕೂತು ನೋಡಿ. ಅಟ್ಟಿಸಿಕೊಂಡು ಹೋಗಿ ಕಚ್ಚುವುದೇ ಅಪರೂಪ. ಮೆಲ್ಲಗೆ ಮುಂದೆ ಬಂದು, ಸ್ವಲ್ಪ ಓರೆಯಾಗಿ ನಿಲ್ಲುತ್ತದೆ. ಬಾಯಿ ಕೊಳವೆಯ ಹಾಗೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಆಮೇಲೆ ನೀರಿನ ಜೊತೆ ಮೀನೂ ಒಳಗೆ. ಅದಕ್ಕೇ ಜೊತೆಗೆ ಯಾರನ್ನು ಬಿಡಬೇಕು ಅಂತ ಕೇಳಿದಾಗ ನಾನು ಮೊದಲು ನೋಡುವುದು ಆ ಬಾಯಿಯನ್ನು. ಬಣ್ಣ, ಅಂದ ಎಲ್ಲ ಆಮೇಲೆ.

ನಿಮಗೆ ನೇರವಾಗಿ ಹೇಳುತ್ತೇನೆ: ಈ ಟ್ಯಾಂಕಿಗೆ ಇನ್ನೊಂದು ಮೀನು ಬೇಡ. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಹಿಡಿಯುವುದು ಹೆಚ್ಚೆಂದರೆ 127 ಲೀಟರ್. ನಿಮ್ಮ ಆಸ್ಕರ್ 12 ಇಂಚು ಬೆಳೆಯುವ ಮೀನು, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಜಾಸ್ತಿ ಬದುಕುತ್ತದೆ. ಅದೊಂದಕ್ಕೇ 280 ಲೀಟರ್ ಬೇಕು. 1 ಅಡಿ ಅಗಲದ ಟ್ಯಾಂಕಿನಲ್ಲಿ 1 ಅಡಿ ಮೀನು ತಿರುಗುವುದಾದರೂ ಹೇಗೆ? ಅದೊಂದಕ್ಕೇ ಸಾಲದ ಜಾಗದಲ್ಲಿ ಇನ್ನೊಬ್ಬರನ್ನು ಬಿಟ್ಟರೆ ಏಟು ತಿನ್ನುವುದು ಆ ಹೊಸಬರೇ. ಗಲೀಜೂ ಜಾಸ್ತಿಯಾಗುತ್ತದೆ. ಆಸ್ಕರ್ ಅಗಿದು ಉಗುಳುವ ಮೀನು. ನೀರು ಬಹಳ ದಿನ ಕೆಟ್ಟೇ ಇದ್ದರೆ ಅದರ ತಲೆಯ ಮೇಲೆ ಸಣ್ಣ ಸಣ್ಣ ಗುಳಿ ಬೀಳುವ ಕಾಯಿಲೆ ಬರುವುದುಂಟು.

ಮಗಳಿಗೆ ಹೇಳಿ, ಆಸ್ಕರ್ ಗುಂಪಿನಲ್ಲೇ ಇರಬೇಕು ಅನ್ನುವ ಮೀನಲ್ಲ. ಊಟ ಹಾಕುವವರನ್ನು ಗುರುತು ಹಿಡಿದು ಗಾಜಿನ ಹತ್ತಿರ ಓಡಿ ಬರುತ್ತದೆ. ಪೆಲೆಟ್ (ಮೀನಿನ ಒಣ ಆಹಾರದ ಕಾಳು) ಹಾಕುವ ಕೆಲಸ ಅವಳಿಗೇ ಕೊಡಿ.

ಜೊತೆ ಬೇಕೇ ಬೇಕು ಅಂದರೆ ಮೊದಲು ಟ್ಯಾಂಕು ಬದಲಾಯಿಸಿ. 5 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ. ಹತ್ತಿರ ಹತ್ತಿರ 560 ಲೀಟರ್. ಅಂದರೆ ನೀರೇ ಅರ್ಧ ಟನ್ನಿಗಿಂತ ಜಾಸ್ತಿ. ಮಾಮೂಲಿ ಟೇಬಲ್ಲಿನ ಮೇಲೆ ಇಡಬೇಡಿ, ಕಬ್ಬಿಣದ ಸ್ಟ್ಯಾಂಡೇ ಮಾಡಿಸಿ. ಅದರಲ್ಲಿ ಐದಾರು ಸಿಲ್ವರ್ ಡಾಲರ್ ಮೀನು ಬಿಡಿ, ಅಂಗೈ ಅಗಲ ಬೆಳೆದಂಥವು. ಆಸ್ಕರ್ ಹಾಗೆಯೇ ಇವೂ ದಕ್ಷಿಣ ಅಮೆರಿಕದವು, ನೀರು ಇಬ್ಬರಿಗೂ ಒಗ್ಗುತ್ತದೆ. ಮೈ ಚಪ್ಪಟೆ, ಎತ್ತರ. ಹಾಗಾಗಿ ಬಾಯಿಗೆ ಹಿಡಿಯುವುದಿಲ್ಲ, ಸುಲಭಕ್ಕೆ ಕೈಗೂ ಸಿಗುವುದಿಲ್ಲ. ಆಸ್ಕರ್ ಸೇರಿದ ಸಿಕ್ಲಿಡ್ ಜಾತಿಯದ್ದೇ ಬೇಕಾದರೆ ಒಂದು ಸೆವೆರಮ್ ನೋಡಿ, ಅದು ಸ್ವಲ್ಪ ಸಮಾಧಾನದ ಮೀನು. ಕಾನ್ವಿಕ್ಟ್ ಅನ್ನುವ ಸಿಕ್ಲಿಡ್ ಜೋಡಿ ಮಾತ್ರ ಬೇಡ. ಗಾತ್ರ ಚಿಕ್ಕದು ನಿಜ, ಆದರೆ ಮೊಟ್ಟೆ ಇಟ್ಟವೆಂದರೆ ಅರ್ಧ ಟ್ಯಾಂಕು ತಮ್ಮದೇ ಅನ್ನುತ್ತವೆ, ಆಸ್ಕರ್‌ನನ್ನೂ ಮೂಲೆಗೆ ಅಟ್ಟುತ್ತವೆ.

ಅಂಗಡಿಯವರು ಶಾರ್ಕ್ ಅಂದರಲ್ಲ, ಅದು ಶಾರ್ಕೇ ಅಲ್ಲ. ಪಂಗಾಸಿಯಸ್. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುತ್ತದಲ್ವಾ, ಅದೇ. ಮೆಕಾಂಗ್ ನದಿಯ ಕಡೆಯದು, ಆಂಧ್ರದ ಕೆರೆಗಳಲ್ಲಿ ತಿನ್ನುವುದಕ್ಕೆಂದೇ ಸಾಕುತ್ತಾರೆ. 3 ಅಡಿಗೂ ಮೀರಿ ಬೆಳೆಯುತ್ತದೆ. ಬೆದರಿದರೆ ಗಾಜಿಗೆ ಮೂತಿ ಹೊಡೆದುಕೊಳ್ಳುತ್ತದೆ. ಮನೆ ಟ್ಯಾಂಕಿಗೆ ಇದನ್ನು ಮಾರುವುದೇ ತಪ್ಪು ಅಂತ ನನ್ನ ಗಟ್ಟಿ ಅಭಿಪ್ರಾಯ.

ಗಾಜಿಗೆ ಬಾಯಿ ಅಂಟಿಸಿಕೊಳ್ಳುವ ಸಕ್ಕರ್ ಮೀನನ್ನು ಆ ದೊಡ್ಡ ಟ್ಯಾಂಕಿಗಾದರೆ ಹಾಕಬಹುದು, ಆದರೆ 6 ಇಂಚಿಗಿಂತ ದೊಡ್ಡದೇ ಇರಲಿ. ಚಿಕ್ಕದನ್ನು ನುಂಗಲು ಹೋದರೆ ಅದು ಪಕ್ಕದ ರೆಕ್ಕೆಗಳ ಮುಳ್ಳನ್ನು ಬಿಗಿಯಾಗಿ ಅಗಲಿಸಿ ಹಿಡಿಯುತ್ತದೆ. ಗಂಟಲಲ್ಲಿ ಸಿಕ್ಕಿಕೊಂಡು ಎರಡೂ ಸಾಯುತ್ತವೆ. ಸಾಕಲು ಆಗಲಿಲ್ಲ ಅಂತ ಸಕ್ಕರನ್ನು ಕೆರೆಗೆ ಬಿಡಬೇಡಿ, ದಯವಿಟ್ಟು. ಹಾಗೆ ಬಿಟ್ಟವೇ ಇವತ್ತು ದೇಶದ ಎಷ್ಟೋ ಕಡೆ ಮೀನುಗಾರರ ಬಲೆ ಹರಿಯುತ್ತಿವೆ.

ಹೊಸ ಟ್ಯಾಂಕಿಗೆ ಹಳೆಯ ಫಿಲ್ಟರಿನ ಸ್ಪಾಂಜನ್ನು ತೊಳೆಯದೆ ಹಾಕಿ. ಡಾಲರ್‌ಗಳನ್ನು ಮೊದಲು ಬಿಡಿ. ಅವು ಒಂದೆರಡು ವಾರ ಅಲ್ಲಿ ಹೊಂದಿಕೊಳ್ಳಲಿ, ಆಮೇಲೆ ಆಸ್ಕರ್‌ಗೆ ಹೊಟ್ಟೆ ತುಂಬ ಹಾಕಿ, ಲೈಟ್ ಆರಿಸಿ ಬಿಡಿ. ಆಗ ಹೊಸಬ ಆಸ್ಕರ್ ಆಗುತ್ತಾನೆ, ಜಾಗ ತನ್ನದು ಅಂತ ಜೋರು ಮಾಡಲು ಅವನಿಗೆ ಸ್ವಲ್ಪ ಸಮಯ ಬೇಕು. ಕಿವಿರು ಅಗಲಿಸಿ ಅಡ್ಡ ನಿಂತರೆ ಗಾಬರಿ ಬೇಡ, ಅದು ಬರೀ ಬೆದರಿಕೆ. ಯಾವುದಾದರೂ ಮೀನು ಬಣ್ಣ ಬಿಳುಚಿಕೊಂಡು, ರೆಕ್ಕೆ ಹರಿದು, ಹೀಟರಿನ ಹಿಂದೆ ಮೇಲಿನ ಮೂಲೆಯಲ್ಲೇ ನಿಂತಿದ್ದರೆ ಅವತ್ತೇ ತೆಗೆಯಿರಿ, ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ಫ್ಲವರ್‌ಹಾರ್ನ್ ಜೊತೆ ಪ್ಯಾರಟ್ ಮೀನು ಬಿಡಬಹುದಾ?
– ಓದುಗರು, ದಾವಣಗೆರೆ

ಉತ್ತರ: ಬೇಡ. ಫ್ಲವರ್‌ಹಾರ್ನ್ ಒಂದೇ ಇರಲಿ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಜಗಳಗಂಟ ಸಿಕ್ಲಿಡ್‌ಗಳನ್ನೇ ಬೆರೆಸಿ ಮಾಡಿದ ತಳಿ ಅದು. ಪ್ಯಾರಟ್‌ಗೆ ಬಾಯಿ ಸರಿಯಾಗಿ ಮುಚ್ಚುವುದಕ್ಕೂ ಬರುವುದಿಲ್ಲ, ತಿರುಗಿ ಕಚ್ಚುವುದು ದೂರದ ಮಾತು.

ಪ್ರಶ್ನೆ: ಬೋರ್‌ವೆಲ್ ನೀರಿನಲ್ಲಿ ಐದು ಆಫ್ರಿಕನ್ ಸಿಕ್ಲಿಡ್ ಸಾಕಿದ್ದೇವೆ. ಹಳದಿ ಮೈಗೆ ಕಪ್ಪು ಪಟ್ಟೆ ಇದ್ದ ಒಂದು ಮೀನು ಈಗ ಕಪ್ಪಗಾಗಿ ಉಳಿದ ನಾಲ್ಕನ್ನೂ ಅಟ್ಟಾಡಿಸುತ್ತಿದೆ. ಕಾಯಿಲೆಯಾ?
– ಓದುಗರು, ತುಮಕೂರು

ಉತ್ತರ: ಕಾಯಿಲೆ ಅಲ್ಲ. ನೀವು ಹೇಳಿದ ಗುರುತು ನೋಡಿದರೆ ಅದು ಆರಾಟಸ್, ಗಂಡು. ಮಲಾವಿ ಸರೋವರದ ಈ ಮೀನಿನಲ್ಲಿ ಹೆಣ್ಣು, ಮರಿ ಎಲ್ಲ ಹಳದಿ. ಗಂಡು ಯಜಮಾನಿಕೆಗೆ ಬಂದಾಗ ಕಪ್ಪಾಗುತ್ತದೆ. ಮಲಾವಿ ಮೀನುಗಳಲ್ಲೇ ಇದಕ್ಕಿಂತ ಜಗಳಗಂಟ ಸಿಗುವುದು ಕಷ್ಟ. ನಿಮ್ಮ ಗಡಸು ನೀರು ಇವಕ್ಕೆ ಒಳ್ಳೆಯದೇ, ಅದನ್ನು ಬದಲಾಯಿಸಬೇಡಿ.

ಆಸ್ಕರ್‌ಗೆ ಹೇಳಿದ್ದಕ್ಕೆ ಇಲ್ಲಿ ಉಲ್ಟಾ ಹೇಳಬೇಕು. ಐದೇ ಮೀನಿದ್ದರೆ ಅದು ಒಬ್ಬೊಬ್ಬರನ್ನೇ ಗುರಿ ಮಾಡಿ ಹೊಡೆಯುತ್ತದೆ. ಹನ್ನೆರಡು, ಹದಿನೈದು ಇದ್ದರೆ ಏಟು ಹಂಚಿಹೋಗುತ್ತದೆ. ಟ್ಯಾಂಕು 4 ಅಡಿಯದಿದ್ದು ಫಿಲ್ಟರ್ ಜೋರಾಗಿದ್ದರೆ ಮಾತ್ರ ಸಂಖ್ಯೆ ಹೆಚ್ಚಿಸಿ. ಹೊಸದರಲ್ಲಿ ಹಳದಿ-ಕಪ್ಪು ಪಟ್ಟೆಯ ಇನ್ನೊಂದು ಗಂಡು ಇರಬಾರದು. ಹೊಸಬರನ್ನು ಬಿಡುವ ದಿನ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಕಡೆ ಜೋಡಿಸಿ, ಯಾರ ಪೊಟರೆ ಎಲ್ಲಿತ್ತು ಅಂತ ಯಾರಿಗೂ ತಿಳಿಯಬಾರದು. ಕಲ್ಲನ್ನು ಮರಳಿನ ಮೇಲಲ್ಲ, ಟ್ಯಾಂಕಿನ ತಳಕ್ಕೇ ಕೂರಿಸಿ. ಇವು ಮರಳು ತೋಡುತ್ತವೆ, ಕಲ್ಲು ಜಾರಿದರೆ ಗಾಜು ಒಡೆಯುತ್ತದೆ. ಊಟಕ್ಕೆ ಹುಳ ಬೇಡ, ಸ್ಪಿರುಲಿನಾ (ಪಾಚಿ) ಪೆಲೆಟ್ ಸಾಕು. ಅಷ್ಟು ಮಾಡಿಯೂ ಅಟ್ಟಾಟ ನಿಲ್ಲದಿದ್ದರೆ ಆ ಗಂಡನ್ನು ಅಂಗಡಿಗೆ ವಾಪಸ್ ಕೊಟ್ಟುಬಿಡಿ.