ಆಂಟಿವೈರಸ್ ಸ್ಕ್ಯಾನ್ ತುಂಬಾ ನಿಧಾನ. ದೊಡ್ಡ ಫೋಲ್ಡರ್‌ಗಳನ್ನು ಸ್ಕ್ಯಾನ್‌ನಿಂದ ಹೊರಗಿಟ್ಟರೆ ಬೇಗ ಮುಗಿಯುತ್ತಾ?

ಮುಗಿಯುತ್ತೆ. ನಾನೂ ಅದನ್ನೇ ಮಾಡಿದ್ದೆ. ಅದಕ್ಕೇ ಹೇಳುತ್ತಿದ್ದೇನೆ, ಮಾಡಬೇಡಿ.

‘ಪ್ರತಿ ಸಲ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತುಬಿಡುತ್ತೆ’ ಅಂತ ಬರೆದಿದ್ದೀರಲ್ಲ, ಅದನ್ನು ಓದಿದಾಗ ನನ್ನ ಹಳೇ ಕಂಪ್ಯೂಟರ್ ನೆನಪಾಯಿತು. ಅದರಲ್ಲಿ ಸ್ಕ್ಯಾನ್ ಶುರುವಿನಲ್ಲಿ ಸರಸರ ಓಡುತ್ತಿತ್ತು. ಡಿ ಡ್ರೈವ್‌ನ ಫೋಟೋ ಫೋಲ್ಡರ್‌ಗೆ ಬಂದ ಕೂಡಲೇ ಫೈಲ್‌ಗಳ ಲೆಕ್ಕ ಏರುವುದು ನಿಲ್ಲುತ್ತಿತ್ತು. ಬೇರೆ ಯಾವ ಫೋಲ್ಡರ್ ತೆರೆದರೂ ಬಿಳಿ ಕಿಟಕಿ, ಸುತ್ತುವ ಚಕ್ರ. ಬೈಗುಳವೆಲ್ಲ ಆಂಟಿವೈರಸ್‌ಗೆ. ಅದನ್ನು ತೆಗೆದು ಇನ್ನೊಂದು ಹಾಕಿದೆ. ಅದೂ ಅಲ್ಲೇ ನಿಂತಿತು. ಎರಡು ಕಂಪನಿಗಳ ಎರಡು ಪ್ರೋಗ್ರಾಂಗಳು ಒಂದೇ ಫೋಲ್ಡರ್‌ನಲ್ಲಿ ಎಡವುತ್ತಿವೆ ಅಂದರೆ ತೊಂದರೆ ಪ್ರೋಗ್ರಾಂನದಲ್ಲ, ಅಲ್ವಾ? ನನಗೆ ಹೊಳೆಯಲಿಲ್ಲ. ಆ ಫೋಲ್ಡರನ್ನೇ ಎಕ್ಸ್‌ಕ್ಲೂಷನ್ ಪಟ್ಟಿಗೆ, ಅಂದರೆ ಆಂಟಿವೈರಸ್ ಮುಟ್ಟಬಾರದ ಜಾಗಗಳ ಪಟ್ಟಿಗೆ ಸೇರಿಸಿದೆ. ಸ್ಕ್ಯಾನ್ ಚಕಚಕ ಮುಗಿಯಿತು. ಸಮಸ್ಯೆ ಬಗೆಹರಿಯಿತು ಅಂದುಕೊಂಡು ಎಷ್ಟೋ ತಿಂಗಳು ಆರಾಮಾಗಿದ್ದೆ.

ಆಮೇಲೆ ಒಂದು ದಿನ ಮಗಳು ಚಿಕ್ಕವಳಿದ್ದಾಗಿನ ಫೋಟೋ ಹುಡುಕಲು ಹೋದೆ. ಕೆಲವು ತೆರೆದವು. ಕೆಲವು ಅರ್ಧ ಚಿತ್ರ, ಕೆಳಗೆ ಬರೀ ಬೂದು ಬಣ್ಣ. ಉಳಿದವು ತೆರೆಯಲೇ ಇಲ್ಲ. ಹಾರ್ಡ್ ಡಿಸ್ಕ್ ಸಾಯುತ್ತಿತ್ತು. ಬ್ಯಾಕಪ್ ಇರಲಿಲ್ಲ. ಇದ್ದಿದ್ದರೆ ಈ ಉತ್ತರ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು.

ಇಲ್ಲಿ ನಾನು ಕೆಡಿಸಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಹಿಸಿಕೊಳ್ಳಿ. ವರ್ಷಗಟ್ಟಲೆ ಮುಟ್ಟದ ಫೋಟೋಗಳನ್ನು ಮನೆಯಲ್ಲಿ ಯಾರೂ ತೆರೆದು ನೋಡುವುದಿಲ್ಲ. ಅವು ಸುಮ್ನೆ ಡಿಸ್ಕ್‌ನ ಒಂದು ಮೂಲೆಯಲ್ಲಿ ಬಿದ್ದಿರುತ್ತವೆ. ಅವನ್ನು ಆಗಾಗ ಓದುವ ಒಂದೇ ಪ್ರೋಗ್ರಾಂ ಅಂದರೆ ಇಡೀ ಡಿಸ್ಕ್ ಜಾಲಾಡುವ ಫುಲ್ ಸ್ಕ್ಯಾನ್. ಡಿಸ್ಕ್‌ನಲ್ಲಿ ಒಂದು ಸೆಕ್ಟರ್ (ಮಾಹಿತಿ ಇಡುವ ಪುಟ್ಟ ತುಂಡು) ಹಾಳಾಗುತ್ತಾ ಬಂದಿದ್ದರೆ ಡಿಸ್ಕ್ ತಕ್ಷಣ ‘ಆಗಲ್ಲ’ ಅನ್ನುವುದಿಲ್ಲ. ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಸೆಕೆಂಡುಗಟ್ಟಲೆ ಹಾಗೇ ಒದ್ದಾಡುತ್ತದೆ. ಅಷ್ಟು ಹೊತ್ತೂ ಸ್ಕ್ಯಾನ್ ಬಾಗಿಲಲ್ಲಿ ಕಾಯುತ್ತಿರುತ್ತದೆ. ಅಂಥ ಜಾಗ ಹತ್ತಾರು ಇದ್ದರೆ ಸ್ಕ್ಯಾನ್ ನಿಂತೇ ಹೋದಂತೆ ಕಾಣುತ್ತದೆ. ಅಂದರೆ ಆ ನಿಧಾನವೇ ನನಗೆ ಸಿಕ್ಕಿದ್ದ ಎಚ್ಚರಿಕೆ. ಆಗಲೇ ಫೋಟೋಗಳನ್ನು ಬೇರೆ ಡಿಸ್ಕ್‌ಗೆ ಹಾಕಿಕೊಂಡಿದ್ದರೆ ಬಹುಪಾಲು ಉಳಿಯುತ್ತಿದ್ದವು. ಎಕ್ಸ್‌ಕ್ಲೂಷನ್ ಹಾಕಿ ಆ ಎಚ್ಚರಿಕೆಯ ಬಾಯಿ ಮುಚ್ಚಿಸಿದೆ. ಡಿಸ್ಕ್ ಸದ್ದಿಲ್ಲದೆ ಹಾಳಾಗುತ್ತಾ ಹೋಯಿತು.

ಹಾಗಾಗಿ ‘ಬೇಗ ಮುಗಿಸುವುದು ಹೇಗೆ’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾಕೆ ನಿಧಾನ ಅಂತ ಮೊದಲು ನೋಡಿ. ಸ್ಕ್ಯಾನ್ ಸಿಕ್ಕಿಹಾಕಿಕೊಂಡಾಗ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಟ್ಯಾಬ್‌ನಲ್ಲಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಆಕ್ಟಿವ್ ಟೈಮ್ ಶೇ. 100 ಇದ್ದು, ರೀಡ್ ಸ್ಪೀಡ್ ಸೊನ್ನೆಯ ಹತ್ತಿರ ಬಿದ್ದಿದೆಯಾ? ಆವರೇಜ್ ರೆಸ್ಪಾನ್ಸ್ ಟೈಮ್ ಸಾವಿರಗಟ್ಟಲೆ ಮಿಲಿಸೆಕೆಂಡ್ ತೋರಿಸುತ್ತಿದೆಯಾ? ಸಿಪಿಯು (ಕಂಪ್ಯೂಟರ್‌ನ ಪ್ರೊಸೆಸರ್) ಮಾತ್ರ ಕೈಕಟ್ಟಿ ಕೂತಿದೆಯಾ? ಹಾಗಿದ್ದರೆ ಡಿಸ್ಕ್ ಮೇಲೆ ಅನುಮಾನಪಡಿ. ಸಿಪಿಯು ದುಡಿಯುತ್ತಿದ್ದು ಡಿಸ್ಕ್ ಹಾಯಾಗಿದ್ದರೆ ಅದು ಬೇರೆ ಕಥೆ. ಯಾವುದೋ ದೊಡ್ಡ ಜಿಪ್ ಅಥವಾ ಐಎಸ್ಒ ಫೈಲ್ (ಹಲವು ಫೈಲ್‌ಗಳನ್ನು ಒಂದರಲ್ಲೇ ಕಟ್ಟಿಟ್ಟ ಗಂಟು) ಒಳಗೆ ಇರುವುದನ್ನೆಲ್ಲ ಸ್ಕ್ಯಾನ್ ಬಿಚ್ಚಿ ನೋಡುತ್ತಿರಬಹುದು. ಅದಕ್ಕೆ ಗಾಬರಿ ಬೇಡ. ಬೇಡದ ಹಳೇ ಇನ್‌ಸ್ಟಾಲರ್‌ಗಳನ್ನು ಅಳಿಸಿದರೆ ಸಾಕು.

ನೋಡಬೇಕಾದ ಇನ್ನೊಂದು ಜಾಗ ಈವೆಂಟ್ ವ್ಯೂವರ್, ವಿಂಡೋಸ್ ತನ್ನ ತೊಂದರೆಗಳನ್ನೆಲ್ಲ ಬರೆದಿಡುವ ದಿನಚರಿ. ಅದರ ಸಿಸ್ಟಂ ಲಾಗ್‌ನಲ್ಲಿ ‘ಡಿಸ್ಕ್’ ಹೆಸರಿನಲ್ಲಿ ಈವೆಂಟ್ 7 ಇದ್ದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಹಾಳಾದ ಜಾಗ ಸಿಕ್ಕಿದೆ ಅಂತ. 153 ಇದ್ದರೆ ಓದುವ ಅಥವಾ ಬರೆಯುವ ಕೆಲಸವನ್ನು ಮತ್ತೊಮ್ಮೆ ಮಾಡಬೇಕಾಯಿತು ಅಂತ. ನನ್ನ ಲಾಗ್‌ನಲ್ಲಿ 7 ಸಾಲುಗಟ್ಟಿ ನಿಂತಿತ್ತು, ನಾನು ತೆರೆದೇ ನೋಡಿರಲಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಉಚಿತ ಪ್ರೋಗ್ರಾಂ ಇದೆ. ಅದು ಡಿಸ್ಕ್‌ನ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ಓದಿ ‘ಗುಡ್’, ‘ಕಾಷನ್’ ಅಥವಾ ‘ಬ್ಯಾಡ್’ ಅಂತ ಹೇಳುತ್ತದೆ. ಕಾಷನ್ ಅಥವಾ ಬ್ಯಾಡ್ ಬಂದರೆ ಸ್ಕ್ಯಾನ್ ಅಲ್ಲೇ ನಿಲ್ಲಿಸಿ. ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ. ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸಿ ರಿಪೇರಿ ಮಾಡುವ ವಿಂಡೋಸ್‌ನ ಪ್ರೋಗ್ರಾಂ) ಓಡಿಸಿ ಸರಿಪಡಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಕಾಪಿ ಆಗುವ ತನಕ ಅವರ ಮಾತು ಕೇಳಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ಆ ದುಡಿಮೆಯೇ ಕೊನೆಯ ಪೆಟ್ಟಾಗಬಹುದು.

ಡಿಸ್ಕ್ ಚೆನ್ನಾಗಿಯೇ ಇದೆ, ಆದರೆ ತಿರುಗುವ ಹಾರ್ಡ್ ಡಿಸ್ಕ್ ಅಂತಾದರೆ? ಆಗ ನಿಧಾನ ಅದರ ಹುಟ್ಟುಗುಣ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್ ಕೂಡ ಚದುರಿ ಬಿದ್ದ ಸಣ್ಣ ಫೈಲ್‌ಗಳನ್ನು ಸೆಕೆಂಡಿಗೆ ಸುಮಾರು ನೂರು ಓದಿದರೆ ಹೆಚ್ಚು. ನಾಲ್ಕು ಲಕ್ಷ ಫೈಲ್ ಇದ್ದರೆ ಬರೀ ಹುಡುಕಾಟಕ್ಕೇ ಒಂದು ಗಂಟೆ ದಾಟುತ್ತದೆ. ಯಾವ ಸೆಟ್ಟಿಂಗ್ ಬದಲಿಸಿದರೂ ಇದು ಬಗ್ಗುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಆದ ವಿಂಡೋಸ್ ಡಿಫೆಂಡರ್ ಸ್ಕ್ಯಾನ್ ಮಾಡುವಾಗ ಸಿಪಿಯು ಬಳಕೆಯನ್ನು ಸರಾಸರಿ ಶೇ. 50ರ ಆಸುಪಾಸಿನಲ್ಲಿ ಇಡುವ ಸೆಟ್ಟಿಂಗ್ ಒಂದಿದೆ. ಅದನ್ನು ಏರಿಸಿ ಅಂತ ಸಲಹೆ ಬರುತ್ತದೆ. ಡಿಸ್ಕೇ ಓದಿ ಕೊಡದಿದ್ದರೆ ಸಿಪಿಯು ಏನು ಮಾಡುತ್ತೆ ಹೇಳಿ? ತಿರುಗುವ ಭಾಗವೇ ಇಲ್ಲದ, ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ. ನಾನು ಕೊನೆಗೆ ಅದನ್ನೇ ಮಾಡಿದ್ದು.

ಅಂದಹಾಗೆ, ಫುಲ್ ಸ್ಕ್ಯಾನ್ ದಿನಾ ಯಾಕೆ ಬೇಕು ನಿಮಗೆ? ರಿಯಲ್ ಟೈಮ್ ರಕ್ಷಣೆ ಆನ್ ಇದ್ದರೆ ಫೈಲ್ ತೆರೆಯುವಾಗಲೇ ಪರೀಕ್ಷೆ ಆಗುತ್ತದೆ. ಅದರ ಜೊತೆ ಕ್ವಿಕ್ ಸ್ಕ್ಯಾನ್ ಸಾಕು. ಅದು ವೈರಸ್‌ಗಳು ಸಾಮಾನ್ಯವಾಗಿ ಬೇರೂರುವ ಸ್ಟಾರ್ಟಪ್, ರಿಜಿಸ್ಟ್ರಿಯಂಥ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ಜಾಗ) ಜಾಗಗಳನ್ನು ನೋಡುತ್ತದೆ. ಫುಲ್ ಸ್ಕ್ಯಾನ್ ಅಪರೂಪಕ್ಕೆ, ಮಲಗುವ ಮುಂಚೆ ಹಾಕಿಬಿಡಿ. ಎರಡು ಆಂಟಿವೈರಸ್ ಒಟ್ಟಿಗೆ ಓಡುತ್ತಿದ್ದರೆ ಒಂದನ್ನು ಇವತ್ತೇ ತೆಗೆಯಿರಿ. ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಡೌನ್‌ಲೋಡ್ಸ್ ಫೋಲ್ಡರನ್ನೂ ಎಕ್ಸ್‌ಕ್ಲೂಷನ್‌ಗೆ ಹಾಕುವ ಯೋಚನೆ ಇದೆ ಅಂದಿದ್ದೀರಿ. ಅಯ್ಯೋ, ಬೇಡ. ಹೊರಗಿನಿಂದ ಬರುವುದೆಲ್ಲ ಮೊದಲು ಇಳಿಯುವುದೇ ಅಲ್ಲಿ. ಎಕ್ಸ್‌ಕ್ಲೂಷನ್ ಹಾಕಿದರೆ ರಿಯಲ್ ಟೈಮ್ ರಕ್ಷಣೆಯೂ ಆ ಫೋಲ್ಡರನ್ನು ನೋಡುವುದಿಲ್ಲ. ಕೆಲವು ವೈರಸ್‌ಗಳು ಒಳಗೆ ಬಂದ ಮೇಲೆ ಆ ಪಟ್ಟಿಗೆ ತಮ್ಮನ್ನೇ ಸೇರಿಸಿಕೊಳ್ಳುತ್ತವೆ. ಆದ್ದರಿಂದ ಪಟ್ಟಿಯನ್ನು ಒಮ್ಮೆ ತೆರೆದು ನೋಡಿ. ನೀವು ಹಾಕದ ಹೆಸರು ಕಂಡರೆ ಅದನ್ನು ತೆಗೆದು, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಹಾಕಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಸ್ಕ್ಯಾನ್ ನಡೆಯುತ್ತದೆ. ಸುಮಾರು 15 ನಿಮಿಷದ ಕೆಲಸ. ತೆರೆದಿರುವುದನ್ನೆಲ್ಲ ಸೇವ್ ಮಾಡಿಕೊಂಡು ಶುರುಮಾಡಿ.